ಸೋಮವಾರ ಬಂದ ಸಿಂಗಾಪುರದ ತಿಂಡಿ

...ಸಿಂಗಾಪುರವೋ ಪಿನಾಂಗೋ, ಈ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಎರಡನೇ ಮಹಾಯುದ್ಧ ಶುರುವಾದಾಗ ಅಲ್ಲಿಂದ ಮರಳಿದ ಮೆಕ್ಯಾನಿಕ್ ಸಾಬರು, ಮಂಡ್ಯದ ಪಕ್ಕದ ಗುತ್ತಲಿನಲ್ಲಿ ನಮ್ಮ ನೆರೆಯವರು, ಆ ಪರದೇಶದ ಮನರಂಜನೆ ಪಾರ್ಕಿನಲ್ಲಿ ಹೋದವರೆಲ್ಲ ತಿನ್ನುವ ತಿಂಡಿಯನ್ನು ಮಂಡ್ಯದ ಬಸ್ ನಿಲ್ದಾಣದಲ್ಲಿ ಮಾರಿ ಬದುಕಲು ಹೊರಟರು: ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಬಾಡು, ಜೊತೆಗೆ ಬೆಲ್ಲ ಹಾಕಿದ ಕಡಲೆಕಾಯಿ ಗೊಜ್ಜು. ಮೊದಲ ದಿನ ಬಸ್ಸಿಳಿದವರೆಲ್ಲ ಮೂಸಿ ಮುಂದೆ ಹೋದರು.

ಪಕ್ಕದಲ್ಲಿ ಬೇಯಿಸಿದ ಗೆಣಸು ಮಾರುತ್ತಿದ್ದ ಅಜ್ಜಿ ನಕ್ಕಳು. “ಇವತ್ತು ಸೋಮ್ವಾರ, ಶಿವನ್ ವಾರ ಕಣ್ ಸಾಬ್ರೇ. ಒಕ್ಕಲು ಮಕ್ಕಳು ಬಾಡ್ ಮುಟ್ತಾರಾ?”

“ಅಲ್ಲಿದ್ದು ವಾರಾನೇ ಮರ್ತ್‌ಬುಟ್ಟೆ ಕಣಜ್ಜಿ!”

“ಗೊಜ್ಜೇನ್ ತಪ್ಪ್ ಮಾಡ್ತು? ನನ್ ಗೆಣಸಿನ್ ಮೇಲ್ ಉಯ್ರಿ.”

ಬಸ್ಸಿಳಿದವರು ಗೊಜ್ಜು ಹಾಕಿದ ಗೆಣಸು ತಿಂದರು, ನಾನೂ ತಿಂದೆ. ಗೊಜ್ಜಿನ ಗಡಿಗೆ ಬರಿದಾಯಿತು. ಮಂಗಳವಾರ ಜನ ಬಾಡನ್ನೂ ಕೇಳಿಕೊಂಡು ಬಂದರು. ಆ ಗೊಜ್ಜಿಗೆ ಸಿಂಗಾಪುರದ ರುಚಿಯೇ ಇತ್ತೋ, ನಮ್ಮ ಬೆಲ್ಲದ್ದೋ, ನನಗೆ ಗೊತ್ತಿಲ್ಲ.