ಧಕ್ಕೆಯ ಮೇಲಿನ ಮೂರು ತಾಸು

ಸರಕಾರಿ ವಿಚಾರಣೆಯಲ್ಲಿ ಒಂದು ನಿಜ ಹೇಳಿ ನಾನು ಮೂವತ್ತು ಹೆಂಗಸರ ಕೂಲಿ ತಪ್ಪಿಸಿದೆ. ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಹೇಳದೆ ಉಳಿಸಿಕೊಂಡ ಮಾತು — ಅದನ್ನು ಈಗ ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆ. ಕುಮಟೆಯ ಹತ್ತಿರ, ಅಘನಾಶಿನಿ ಹೊಳೆಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಹಾಜರಿ ಗುಮಾಸ್ತ. ಯಾರು ಎಷ್ಟು ತಾಸು ದುಡಿದರೆಂದು ಬರೆದು, ವಾರಕ್ಕೊಮ್ಮೆ ಕೂಲಿ ಲೆಕ್ಕ ಮಾಡುವುದು ನನ್ನ ಕೆಲಸ. ಜೊತೆಗೆ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಊರ ಸುದ್ದಿ ಕಳಿಸುತ್ತಿದ್ದೆ. ಕಂಡದ್ದನ್ನಷ್ಟೇ ಬರೆಯುವವನು ಎಂಬ ಹೆಸರು ಆಗಲೇ ಬಂದಿತ್ತು.

ದಿನಕ್ಕೆ ಒಂಬತ್ತು ತಾಸು ಮೀರಿದರೆ, ಮೀರಿದ ಪ್ರತಿ ತಾಸಿಗೂ ಇಮ್ಮಡಿ ಕೂಲಿ ಕೊಡಬೇಕೆಂದು ಕಾಯಿದೆ. ಆದರೆ ನಮ್ಮ ಹಂಚು ಹೋಗುತ್ತಿದ್ದುದು ಮಚವೆಯಲ್ಲಿ, ಆ ದೊಡ್ಡ ಹಾಯಿದೋಣಿ ಧಕ್ಕೆಗೆ, ಹೊಳೆದಂಡೆಯ ಆ ಕಟ್ಟೆಗೆ, ತಾಗಬೇಕಾದರೆ ಹೊಳೆಗೆ ಭರತ, ಅಂದರೆ ಸಮುದ್ರದ ಉಬ್ಬರದ ನೀರು, ಏರಬೇಕು. ಭರತಕ್ಕೆ ಗಡಿಯಾರವಿಲ್ಲ. ದಿನದಿಂದ ದಿನಕ್ಕೆ ಮುಕ್ಕಾಲು ತಾಸು ತಡವಾಗುತ್ತ ಹೋಗುತ್ತದೆ. ಸಪ್ತಮಿಯ ಸುಮಾರಿಗೆ ಹೀಗಾಗುತ್ತಿತ್ತು: ಹೆಂಗಸರು ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಅಂಗಳದಲ್ಲಿ ಹಂಚು ಹೊರುವರು. ಆಮೇಲೆ ಧಕ್ಕೆಗೆ ಹೋಗಿ ಮಚವೆ ಕಾಯುವರು. ನಾಲ್ಕಕ್ಕೆ ಮಚವೆ ತಾಗಿದರೆ ಏಳರವರೆಗೆ ತುಂಬುವರು. ನಾನು ಬರೆಯುತ್ತಿದ್ದುದು ಬೆಳಗಿನ ಆರು, ಸಂಜೆಯ ಮೂರು. ಒಟ್ಟು ಒಂಬತ್ತು. ಹೆಚ್ಚಿನ ತಾಸು — ಒಂದೂ ಇಲ್ಲ.

ಇದನ್ನು ಮೊದಲು ಎತ್ತಿ ಆಡಿದವಳು ಮಾದೇವಿ, ಹೊಳನಗದ್ದೆಯಿಂದ ನಡೆದು ಬರುತ್ತಿದ್ದ ವಿಧವೆ. ನಲವತ್ತರ ಆಸುಪಾಸು, ನಾಲಿಗೆ ಚುರುಕು.

"ಒಡೆಯಾ, ನಿಮ್ಮ ಗಡಿಯಾರ ಊಟ ಮಾಡಿ ಮಲಗ್ತದಾ ಎಂತ? ನಾಕು ಗಂಟೆಗೇ ಎಚ್ಚರಾತದೆ!"

ಹೆಂಗಸರು ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. "ಊಟದ ಒಂದು ತಾಸು ಬಿಟ್ಟೇ ಹೇಳ್ತೆ. ಮೂರು ತಾಸು ನಮ್ಮದು ಎಲ್ಲಿ ಹೋತು?"

ಆ ಮೂರು ಸೇರಿದರೆ ದಿನಕ್ಕೆ ಹನ್ನೆರಡು ತಾಸು. ಮೂರು ತಾಸಿಗೆ ಇಮ್ಮಡಿ ಕೂಲಿ. ಕೂಡಿಸಲು ಬರುವ ಯಾರಿಗೂ ತಿಳಿಯುವ ಲೆಕ್ಕ. ಅವಳು ಯಾರಿಂದಲೋ ಸರಕಾರಕ್ಕೆ ಅರ್ಜಿ ಬರೆಸಿದಳು, ಮೂವತ್ತು ಹೆಬ್ಬೆಟ್ಟು ಒತ್ತಿಸಿದಳು.

ಅರ್ಜಿಯಲ್ಲಿ ತಾರೀಕುಗಳಿರಲಿಲ್ಲ, ತಿಥಿಗಳಿದ್ದವು. ಇಂಥ ಮಾಸದ ಸಪ್ತಮಿ, ಅಷ್ಟಮಿ — ಇಷ್ಟು ಹೊತ್ತು ಕಾದೆವು ಎಂದು. ಕಾರ್ಖಾನೆಗೆ ಬಂದ ನಕಲನ್ನು ಓದಿ ಅಲ್ಲಿಯವರು ಗೇಲಿ ಮಾಡಿದರು. ನಾನು ಮಾತ್ರ ಮನೆಗೆ ಹೋಗಿ ಪಂಚಾಂಗ ತೆಗೆದು, ಒಂದೊಂದು ತಿಥಿಗೂ ತಾರೀಕು ಹಚ್ಚಿ, ಮಚವೆ ತಾಗಿದ ಹೊತ್ತಿನೊಡನೆ ತಾಳೆ ನೋಡಿದೆ. ಒಂದು ದಿನವೂ ತಪ್ಪಿರಲಿಲ್ಲ. ಆ ಕಾಗದವನ್ನು ಮಡಚಿ ಪಂಚಾಂಗದೊಳಗೇ ಇಟ್ಟೆ. ಯಾರಿಗೂ ತೋರಿಸಲಿಲ್ಲ.

ಇನ್ನೂ ಒಂದು ಇದೆ. ಬರೆಯಲು ಕೈ ಹಿಂಜರಿಯುವುದು ಇದಕ್ಕೇ. ಆ ಹೆಂಗಸರು ತಾವಾಗಿ ಕೂತವರಲ್ಲ. ಮನೆಗೆ ಹೋಗಿ ಬರುತ್ತೇವೆಂದು ಎದ್ದವರಿಗೆ, "ಮಚವೆ ಯಾವಾಗ ಬೇಕಾದರೂ ಬರಬಹುದು, ಎದ್ದು ಹೋದವರ ಹೆಸರು ಹೊಡೆದು ಹಾಕುತ್ತೇನೆ" ಎಂದು ಧಕ್ಕೆಗೆ ಹೋಗಿ ಹೇಳುತ್ತಿದ್ದವನು ನಾನು. ಮೇಲಿನವರ ಅಪ್ಪಣೆ, ಹೌದು. ಬಾಯಿ ನನ್ನದು.

ವಿಚಾರಣೆಗೆ ಬಂದ ಅಧಿಕಾರಿ ಸಭ್ಯ ಮನುಷ್ಯ. "ನೀವು ಪತ್ರಿಕೆಗೂ ಬರೆಯುವವರು, ನಿಮ್ಮ ಮಾತು ನಂಬುತ್ತೇನೆ" ಎಂದರು. ಮಾದೇವಿ ಬಾಗಿಲ ಬಳಿ ನಿಂತಿದ್ದಳು.

"ಹನ್ನೆರಡರಿಂದ ನಾಲ್ಕರವರೆಗೆ ಈ ಹೆಂಗಸರು ಏನು ಮಾಡುತ್ತಿದ್ದರು?"

"ಕೂತಿದ್ದರು."

"ಕೆಲಸವೇನಾದರೂ?"

"ಇಲ್ಲ. ಕೂತಿದ್ದರು."

ಅವರು ಬರೆದುಕೊಂಡರು. ಮಾದೇವಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ — ನಾನು ಇನ್ನೂ ಹೇಳುವುದಿದೆ, ಹೇಳುತ್ತೇನೆ ಎಂಬ ನಂಬಿಕೆಯಿಂದ.

"ಮುಂದ್ಕೆ ಹೇಳ್ರಾ ಒಡೆಯಾ" ಎಂದಳು.

ಯಾರು ಕೂರಿಸಿದ್ದರೆಂದು ಅಧಿಕಾರಿ ಕೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸುವುದು ಶಿಸ್ತು ಎಂದು ನಾನು ನನಗೇ — ಇಲ್ಲ, ಶಿಸ್ತಲ್ಲ. ಆ ಹೊತ್ತಿಗೆ ನನಗೆ ಶಿಸ್ತಿನ ನೆನಪೇ ಇರಲಿಲ್ಲ. ಮೇಜಿನ ಮೇಲಿನ ಮಸಿಕುಡಿಕೆಯನ್ನು ನೋಡುತ್ತ ಕೂತೆ.

ಅರ್ಜಿ ಬಿದ್ದುಹೋಯಿತು. ಮರುವಾರದಿಂದ ಮಾದೇವಿಯನ್ನು ಕೆಲಸಕ್ಕೆ ಕರೆಯಲಿಲ್ಲ. ಅವಳ ಹೆಸರಿನ ಮೇಲೆ ಗೀಟೆಳೆದವನೂ ನಾನೇ. ಮರುವರ್ಷ ಕಾರ್ಖಾನೆ ಬಿಟ್ಟು ಹುಬ್ಬಳ್ಳಿಯ ಪತ್ರಿಕೆಯನ್ನೇ ಸೇರಿದೆ.

ಎಂಟು ವರ್ಷ ಕಳೆದ ಮೇಲೆ, ಮೀನುಗಾರಿಕೆಯ ಬಗ್ಗೆ ಬರೆಯಲು ತದಡಿಗೆ ಹೋದಾಗ, ಅವಳು ಅಲ್ಲೇ ಮಗನ ಮನೆಯಲ್ಲಿದ್ದಾಳೆಂದು ತಿಳಿಯಿತು. ಹುಡುಕಿಕೊಂಡು ಹೋದೆ. ಬಗ್ಗಿದ ಬೆನ್ನು, ಅದೇ ದನಿ. ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಪಂಚಾಂಗದಲ್ಲಿಟ್ಟ ಕಾಗದದ ವಿಷಯವನ್ನೂ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆನೇನೋ.

"ಅಯ್ಯೋ, ಅದೆಲ್ಲ ಎಂತಕ್ಕೆ ಈಗ" ಎಂದಳು. "ನೀವು ಸುಳ್ಳು ಹೇಳ್ಲಿಲ್ಲ ಅಲ್ರಾ? ನಾವು ಕೂತದ್ದು ಹೌದು. ಕೂತದ್ದಕ್ಕೆ ದುಡ್ಡು ಕೇಳೂಕೆ ಹೋದೆ, ನಂದೇ ಸೊಕ್ಕು."

"ಅಲ್ಲ ಮಾದೇವಿ. ಎದ್ದು ಹೋಗದ ಹಾಗೆ ನಾನೇ ಕೂರಿಸಿದ್ದೆ. ನಿನ್ನ ಲೆಕ್ಕವೇ ಸರಿಯಿತ್ತು."

"ಆತು ಬಿಡಿ. ಚಾ ಕುಡೀರಿ."

ಅಷ್ಟರಲ್ಲಿ ಸೊಸೆ ಬಂದಳು. ಬಂದರಿನ ಶೆಡ್ಡಿನಲ್ಲಿ ತಾಸಿನ ಕೂಲಿಗೆ ಸಿಗಡಿ, ಅವರ ಮಾತಿನಲ್ಲಿ ಶೆಟ್ಲಿ, ಸುಲಿಯುವವಳು. ಕೈ ತೊಳೆಯುವ ಮೊದಲೇ ಸಿಟ್ಟಿನಿಂದ ಶುರುಮಾಡಿದಳು: "ಬೋಟು ಬಂದದ್ದೇ ಮಧ್ಯಾಹ್ನದ ಮೇಲೆ. ಬೆಳಿಗ್ಗಿಂದ ಹೊರಗೆ ಬಿಡ್ಲಿಲ್ಲ, ಶೆಡ್ಡಲ್ಲೇ ಕೂರಿಸಿರು. ಕೇಳಿರೆ, ಶೆಟ್ಲಿ ಮುಟ್ಟಿದ ಮೇಲಿಂದ ಲೆಕ್ಕ ಅಂತ್ರು. ನಾಳೆ ಎಲ್ಲ ಸೇರಿ ಕೇಳೂದೇ ಸಮ."

"ಸುಮ್ನಿರೇ" ಎಂದಳು ಮಾದೇವಿ. "ಕೂತದ್ದಕ್ಕೆ ಯಾರು ಕೊಡ್ತ್ರು? ಕೇಳಿ ನಾ ಕೆಲಸ ಕಳ್ಕಂಡದ್ದು ಸಾಲ್ದಾ? ಬೇಕಾರೆ ಇವ್ರನ್ನೇ ಕೇಳು, ಲೆಕ್ಕ ಗೊತ್ತಿದ್ದವ್ರು."

ಸೊಸೆ ನನ್ನ ಕಡೆ ತಿರುಗಿದಳು.

"ಅದೂ ಕೆಲಸವೇ" ಎಂದೆ. "ಕಾಯುವುದೂ ಕೆಲಸವೇ. ಕೇಳು."

ಮಾದೇವಿ ನಕ್ಕಳು, ಮನೆಗೆ ಬಂದವನು ಮಾತಿಗೆ ಹೇಳಿದ್ದೆಂದು ತಿಳಿದು. ಸೊಸೆ ನನ್ನ ಮುಖ, ಅತ್ತೆಯ ಮುಖ ನೋಡಿದಳು. ಮತ್ತೆ ಅತ್ತೆಯ ಮುಖ. ಅತ್ತೆಯನ್ನೇ ನಂಬಿದಳೆಂದು ಕಾಣುತ್ತದೆ. ಕೈ ತೊಳೆಯಲು ಹಿತ್ತಿಲಿಗೆ ಹೋದಳು.