ಲಾಲಸಾಬರ ಸೊಟ್ಟ ಸಾಲು

ಕಬ್ಬಿಣದ ಹಾರಿಯನ್ನು ನೆಲಕ್ಕೆ ನೆಟ್ಟು, ಕಲ್ಲಿನಿಂದ ಅದರ ಪಕ್ಕಕ್ಕೊಂದು ಏಟು ಕೊಟ್ಟು, ಮೇಲ್ತುದಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದರು ಲಾಲಸಾಬರು. ಆಗ ಯಾರಾದರೂ ಕೆಮ್ಮಿದರೂ ಕೈ ಎತ್ತಿ ಸುಮ್ಮನಾಗಿಸುವರು. ಅವರ ಮುಖ ನನಗೀಗ ಸರಿಯಾಗಿ ಕಣ್ಮುಂದೆ ಬರುವುದಿಲ್ಲ. ನೆನಪಿನಲ್ಲಿರುವ ಬಿಳಿ ಗಡ್ಡ ಬೇರೆ ಯಾರದೋ ಇರಬಹುದು. ಬಲಗಿವಿಯ ಮೇಲಿನ ತುಕ್ಕಿನ ಕಲೆ ಮಾತ್ರ ಅವರದೇ.

ಶಹಾಬಾದಿನ ಆಚೆ ಏಳುತ್ತಿದ್ದ ಒಂದು ಕಾರ್ಖಾನೆಯ ಕಾಲನಿಯಲ್ಲಿ ಅವರು ದಿನಗೂಲಿ ಮಾಲಿ. ನಾನು ಆಗತಾನೆ ಓದು ಮುಗಿಸಿ ಬಂದು ಕಾಲನಿಯ ನಕ್ಷೆ ಬರೆಯುತ್ತಿದ್ದವನು. ಆ ನೆಲದಲ್ಲಿ ಮೊಳದಷ್ಟು ಮಣ್ಣು, ಅದರ ಕೆಳಗೆಲ್ಲ ಪದರ ಪದರ ಫರ್ಸಿ ಕಲ್ಲು. ಎಲ್ಲಿ ಗಿಡ ಬದುಕುತ್ತದೆಂದು ಲಾಲಸಾಬರು ಕಿವಿಯಿಂದಲೇ ತಿಳಿಯುತ್ತಿದ್ದರು.

"ಠಣ್ ಅಂದ್ರ ಅಖಂಡ ಫರ್ಸಿ. ಸಪ್ಪಗ ಆತಂದ್ರ ಕೆಳಗ ಬಿರಕು ಅದ. ಬೇರಿಗಿ ಅದೊಂದೇ ಬಾಗಲಾ."

ಶಾಲೆಯ ಮುಂದೆ ಹನ್ನೆರಡು ಗುಲ್‌ಮೊಹರ್, ನೇರ ಸಾಲಿನಲ್ಲಿ: ಇದು ನನ್ನ ನಕ್ಷೆ. ಕಾಗದದ ಮೇಲೆ ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆದರೆ ನನ್ನ ಪಾಲಿಗೆ ಅದೇ ಮರ. ಲಾಲಸಾಬರು ಬಗ್ಗಿ ನೋಡಿದರು.

"ಶರಣಪ್ಪಾರ, ಇವೇನು, ರೊಟ್ಟಿ ಬಡದೀರೇನ್ರಿ?"

"ಗುಲ್‌ಮೊಹರ್."

"ಫರ್ಸಿ ಮ್ಯಾಲ ಅದರ ಬೇರು ಚಾಪಿ ಹಾಸಿದಂಗ ಅಡ್ಡ ಹೋಗ್ತಾವ. ನಾಕು ವರ್ಷ ಭಾಳ ಚಂದ ಹೂ ಬಿಡ್ತದ. ಆಮ್ಯಾಲ ಗಾಳಿ ಬಂತಂದ್ರ ಯಾರ ಕೂಸಿನ ಮ್ಯಾಲ ಬೀಳ್ತದ, ಹೇಳ್ರಿ? ಬೇವು ಹಚ್ಚೂಣು. ಬಿರಕಿನಾಗ ಇಳೀತದ."

"ಸಾಲು ನೆಟ್ಟಗ ಬರಬೇಕಲ್ಲ?"

"ನಿಮ್ಮ ಕಾಗದದ ಕೆಳಗ ಟೇಬಲ್ ಅದ. ನನ್ನ ಗಿಡದ ಕೆಳಗ ಫರ್ಸಿ ಅದ."

ಎರಡು ದಿನ ಶಾಲೆಯ ಅಂಗಳದ ತುಂಬ ಕಿವಿಗೊಟ್ಟು, ಹನ್ನೆರಡು ಕಡೆ ಸುಣ್ಣದ ಗುರುತು ಹಾಕಿದರು. ಗುರುತುಗಳು ಒಮ್ಮೆ ಗೋಡೆಯ ಕಡೆ, ಒಮ್ಮೆ ರಸ್ತೆಯ ಕಡೆ ಜರುಗಿದ್ದವು. "ನಕಾಶಿಯಾಗ ತಿದ್ದಿಬಿಡ್ರಿ. ನಾಳಿ ಯಾರರ ಕೇಳಿದ್ರ ಕಾಗದ ಇರ್ಲಿ" ಅಂದರು.

"ತಿದ್ದತೀನಿ, ನೀವು ಹಚ್ಚರಿ" ಅಂದೆ. ತಿದ್ದಲಿಲ್ಲ. ಮ್ಯಾನೇಜರು ಸಹಿ ಹಾಕಿದ್ದ ಹಾಳೆ ಅದು. ಇನ್ನೊಂದು ಹಾಳೆ ಹಿಡಿದು ಅವರೆದುರು ನಿಲ್ಲಲು ನನಗೆ ಧೈರ್ಯವಿರಲಿಲ್ಲ.

ಅವರು ಬೇವಿನ ಸಸಿ ಹಚ್ಚಿದ ವಾರವೇ ಕಾಯಂ ಆಗುವವರ ಪಟ್ಟಿ ತಯಾರಾಗುತ್ತಿತ್ತು. ಅದರಲ್ಲಿ ಲಾಲಸಾಬರ ಹೆಸರಿತ್ತು. ಕಾಯಂ ಆದರೆ ಕಾಲನಿಯಲ್ಲೊಂದು ಖೋಲಿ ಸಿಗುತ್ತಿತ್ತು. ಗೋದಾಮಿನಲ್ಲಿ ಪೈಪು, ಗೊಬ್ಬರದ ನಡುವೆ ಮಲಗುತ್ತಿದ್ದ ಅವರು ಊರಾದ ತೆಂಗಳಿಯಿಂದ ಹೆಂಡತಿಯನ್ನು ಕರೆತರಬಹುದಿತ್ತು. ಯಾವ ಖೋಲಿ ಬೇಕೆಂಬುದನ್ನೂ ನೋಡಿಟ್ಟಿದ್ದರು.

ಮುಂಬಯಿಯ ಮಾಲಿಕರು ಬರುವುದಕ್ಕೆ ಎರಡು ದಿನ ಮುಂಚೆ ಮ್ಯಾನೇಜರು ಅಂಗಳಕ್ಕೆ ಬಂದರು. ಮೈಸೂರಿನ ಕಡೆಯವರು.

"ಏನ್ರೀ ಇದು, ಕುಡುಕ ನಡೆದ ಹಾಗಿದೆ ಸಾಲು! ಗುಲ್‌ಮೊಹರ್ ಎಲ್ಲಿ? ಪ್ಲಾನ್ ಕೊಡಿ ಇಲ್ಲಿ." ಕೊಟ್ಟೆ. ಹಾಳೆಯ ಮೇಲೆ ಹನ್ನೆರಡು ವೃತ್ತ, ನೆಟ್ಟಗೆ. "ಹೀಗೆ ಬದಲಾಯಿಸೋಕೆ ನೀವು ಹೇಳಿದ್ರಾ?"

ಲಾಲಸಾಬರು ನನ್ನನ್ನೇ ನೋಡುತ್ತಿದ್ದರು, ಏಟು ಹಾಕಿದ ಮೇಲೆ ಸದ್ದಿಗೆ ಕಾಯುವವರ ಹಾಗೆ.

ಈ ಘಟನೆಯನ್ನು ಗೆಳೆಯರಿಗೆ ಹೇಳುವಾಗ ನಾನು ಸುಮ್ಮನೆ ನಿಂತೆ ಎಂದೇ ಹೇಳುತ್ತ ಬಂದೆ. ಸುಮ್ಮನೆ ನಿಂತಿರಲಿಲ್ಲ. "ಇಲ್ಲ ಸರ್" ಅಂದಿದ್ದೆ.

"ಎಲ್ಲ ಕಿತ್ತು ಸಂಜೆಯೊಳಗೆ ನೇರಕ್ಕೆ ನೆಡು" ಎಂದು ಮ್ಯಾನೇಜರು ಲಾಲಸಾಬರ ಕಡೆ ತಿರುಗಿದರು. "ಲಿಸ್ಟಲ್ಲಿ ನಿನ್ನ ಹೆಸರಿದೆ, ಮರೀಬೇಡ."

ಲಾಲಸಾಬರು ಕುಕ್ಕರುಗಾಲಲ್ಲಿ ಕುಳಿತರು. ಕೀಳುತ್ತಾರೆ ಅಂದುಕೊಂಡೆ. ಕೀಳಲಿ ಎಂದು ಬೇಡಿಕೊಂಡೆ ಕೂಡ. ಕಿತ್ತರೆ ಅವರ ಖೋಲಿ ಉಳಿಯುತ್ತಿತ್ತು, ನನ್ನ ಸುಳ್ಳೂ ಹಗುರಾಗುತ್ತಿತ್ತು. ಅವರು ಒಂದು ಸಸಿಯ ಬುಡದ ಮಣ್ಣನ್ನು ಅಂಗೈಯಿಂದ ಒತ್ತಿ ಎದ್ದರು.

"ಹೆಸರು ತಗದುಬಿಡ್ರಿ ಸಾಹೇಬ್ರ. ನಾ ಕೀಳಂಗಿಲ್ಲ."

ಹಾರಿಯನ್ನು ಶಾಲೆಯ ಗೋಡೆಗೆ ಆನಿಸಿ ಹೋದರು. ಬೇರೆ ಕೂಲಿಗಳು ಬೇವು ಕಿತ್ತು ಗುಲ್‌ಮೊಹರ್ ಹಚ್ಚಿದರು. ಅವು ಮುಂದೆ ಗಾಳಿಗೆ ಬಿದ್ದವೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಾನು ಆ ನೌಕರಿ ಬಿಟ್ಟಿದ್ದೆ.

ಬಿಡುವ ಮೊದಲು ಒಂದು ಕೆಲಸ ಮಾಡಿದೆ. ಬೇವು ಕಿತ್ತ ಗುಂಡಿಗಳನ್ನೂ ಉಳಿದಿದ್ದ ಸುಣ್ಣದ ಗುರುತುಗಳನ್ನೂ ಅಳೆದು, ಬೇವಿನ ಸಾಲನ್ನು ಹೊಸ ಹಾಳೆಯಲ್ಲಿ ಬರೆದು, ನಾನೇ ಹೇಳಿ ಹಚ್ಚಿಸಿದ್ದೆ ಎಂದು ಮ್ಯಾನೇಜರ ಮುಂದೆ ಒಪ್ಪಿಕೊಳ್ಳಲು ಹೋದೆ. "ಲಿಸ್ಟ್ ಮುಂಬಯಿಗೆ ಹೋಗಿ ಎಷ್ಟು ದಿನ ಆಯ್ತು? ನಿಮಗೆ ಬೇರೆ ಕೆಲಸ ಇಲ್ವಾ?" ಅಂದರು. ಹಾಳೆ ಸುತ್ತಿಕೊಂಡು ತೆಂಗಳಿಯ ಬಸ್ಸು ಹತ್ತಿದೆ.

ಲಾಲಸಾಬರು ತಮ್ಮ ಮನೆಯ ಬಾಗಿಲಲ್ಲಿದ್ದರು. ಹಾಳೆ ಬಿಚ್ಚಿದೆ. ಬಹಳ ಹೊತ್ತು ನೋಡಿ ಒಂದು ವೃತ್ತದ ಮೇಲೆ ಬೆರಳಿಟ್ಟರು.

"ಏಳನೇದು ತಪ್ಪದ. ಒಂದು ಗೇಣು ಈ ಕಡಿ ಬರಬೇಕು."

ತಿದ್ದಿದೆ.

"ಇದನ್ನ ಈಗ ಯಾರಿಗಿ ತೋರಸ್ತೀರಿ?"

"ನಿಮಗಽ ತೋರಸಾಕ ಬಂದೀನಿ."

"ನನಗ್ಯಾಕ್ರಿ? ನನಗ ಮೊದಲಽ ಗೊತ್ತಿತ್ತಲ್ಲ."

ಅದೇ ಕೊನೆಯ ಭೇಟಿ. ಅವರು ತೀರಿಕೊಂಡದ್ದು ನನಗೆ ತಿಳಿಯುವಷ್ಟರಲ್ಲಿ ವರ್ಷವಾಗಿತ್ತು. ಆಮೇಲೆ ಎಷ್ಟೋ ಸಲ ಈ ಭೇಟಿಯನ್ನು ಹೇಳುವಾಗ ಅವರು "ಕುಂದ್ರಿ, ಚಾ ಕುಡೀರಿ" ಅಂದರು ಎಂದು ಸೇರಿಸಿದ್ದೇನೆ. ಹೊರಸು, ಕಪ್ಪು-ಬಶಿಯಲ್ಲಿ ಚಹಾ, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಹಾಳೆ ನನ್ನ ಹತ್ತಿರವೇ ಇದೆ. ಏಳನೇ ವೃತ್ತದ ಪೆನ್ಸಿಲ್ ಗೆರೆಯಲ್ಲಿ ಕಟ್ಟಿಗೆಯ ಒರಟು ಎಳೆಗಳು ಮೂಡಿವೆ: ಬಾಗಿಲ ಚೌಕಟ್ಟಿಗೆ ಒತ್ತಿಹಿಡಿದು ತಿದ್ದಿದ್ದು. ನಾನು ನಿಂತೇ ಇದ್ದೆ.