ಬರೀ ಮೂಸಿದರೆ ಸಾಕು

ಇವತ್ತು ಬೆಳಿಗ್ಗೆ ವೀಣಾ ಫ್ರಿಜ್ಜಿನಿಂದ ನಿನ್ನೆಯ ಹುಳಿಯ ಪಾತ್ರೆ ತೆಗೆದು, ಮುಚ್ಚಳ ಸರಿಸಿ, ನನ್ನ ಮೂಗಿನ ಕೆಳಗೆ ಹಿಡಿದಳು. “ಹೇಳ್ರೀ, ಕೆಟ್ಟಿದೆಯಾ?” ನಾನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಮೂಸಿ, “ಇಲ್ಲ, ಚೆನ್ನಾಗೇ ಇದೆ” ಎಂದೆ. ಇದೇನು ಮಹಾ, ಎಲ್ಲ ಮನೆಗಳಲ್ಲೂ ಹೆಂಡತಿಯರು ಕೇಳುವುದೇ ಅಲ್ಲವೇ ಎನ್ನುತ್ತೀರಿ. ಇರಬಹುದು. ಆದರೆ ಪರದೇಶದ ಈ ರಿಚ್ಮಂಡ್ ಹಿಲ್ಲಿನ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಮೂರೇ ವರ್ಷ ವಯಸ್ಸು. ನಮ್ಮ ಮದುವೆಗೆ ಇಪ್ಪತ್ತೈದು.

ಪ್ರಶ್ನೆ ಬಂದದ್ದು ಇಟಲಿಯಿಂದ. ಅದನ್ನು ಹೇಳುವ ಮೊದಲು ನನ್ನ ಮೂಗಿನ ಬಗ್ಗೆ ಎರಡು ಮಾತು ಹೇಳಬೇಕು. ಗಾತ್ರದಲ್ಲಿ ಅದು ಕಡಿಮೆಯದಲ್ಲ. ಜಂಬ ಅದಕ್ಕಿಂತ ದೊಡ್ಡದು. ದೇವಸ್ಥಾನದ ಪಾರ್ಕಿಂಗಿನಲ್ಲೇ ನಿಂತು, ಒಳಗೆ ಪ್ರಸಾದಕ್ಕೆ ಪುಳಿಯೋಗರೆಯೋ ಪೊಂಗಲ್ಲೋ ಎಂದು ಹೇಳಿ ಗೆದ್ದವನು ನಾನು. ನಲವತ್ತು ದಾಟಿದ ಮೇಲೆ ಆಫೀಸಿನವರ ಸಹವಾಸದಿಂದ ವೈನಿನ ರುಚಿಯೂ ಹತ್ತಿತು. ಗ್ಲಾಸನ್ನು ಗಿರಗಿರ ತಿರುಗಿಸುವುದು, ಮೂಗನ್ನು ಒಳಗಿಳಿಸಿ ಕಣ್ಣು ಮುಚ್ಚುವುದು, “ನೇರಳೆ... ಆಮೇಲೆ ಸ್ವಲ್ಪ ಹಳೇ ಚರ್ಮ...” ಎಂದು ನಿಟ್ಟುಸಿರು ಬಿಡುವುದು. ಮಗಳು ಅನು, “ಅಪ್ಪಾ, ಪ್ಲೀಸ್ ಸ್ಟಾಪ್” ಎಂದು ಎದ್ದು ಹೋಗುತ್ತಿದ್ದಳು.

ಇಂಥವನು ಮದುವೆಯ ಇಪ್ಪತ್ತೆರಡನೇ ವರ್ಷಕ್ಕೆ ಹೆಂಡತಿಯನ್ನು ಇಟಲಿಗೆ ಕರೆದುಕೊಂಡು ಹೋದರೆ ಸುಮ್ಮನಿರುತ್ತಾನೆಯೇ? ಫ್ಲಾರೆನ್ಸಿನಿಂದ ಬೆಳಿಗ್ಗೆ ಹೊರಟು, ಹಳ್ಳಿಗಾಡಿನ ಮೂರು ಸಣ್ಣ ವೈನರಿ ತೋರಿಸಿ, ಸಂಜೆಗೆ ವಾಪಸು ತಂದು ಬಿಡುವ ಟೂರನ್ನು ಅವಳನ್ನು ಕೇಳದೆಯೇ ಬುಕ್ ಮಾಡಿದೆ.

“ನಾನು ಕುಡಿಯೋದೇ ಇಲ್ಲ, ಅಲ್ಲಿ ಬಂದು ಏನ್ ಮಾಡ್ಲಿ?” ಎಂದಳು.

“ಕುಡೀಬೇಡ ಕಣೇ. ವೈನಿನಲ್ಲಿ ಮುಕ್ಕಾಲು ಭಾಗ ವಾಸನೇನೇ. ಬರೀ ಮೂಸಿದ್ರೆ ಸಾಕು.”

ಅವಳು ನನ್ನ ಮುಖ ನೋಡಿ, ಸೂಟ್‌ಕೇಸಿನಲ್ಲಿ ಏನೋ ಹುಡುಕತೊಡಗಿದಳು.

ವ್ಯಾನಿನಲ್ಲಿ ನಾವು ಎಂಟು ಜನ. ಗೈಡ್ ಕ್ಯಾರಾ ಎಂಬ ಚುರುಕಾದ ಹುಡುಗಿ. ಬೆಟ್ಟ, ತಿರುವು, ಆಲಿವ್ ಮರ ಎಲ್ಲದರ ಬಗ್ಗೆಯೂ ಅವಳಲ್ಲಿ ಒಂದೊಂದು ಕಥೆ. ವೈನರಿ ಎಂದರೆ ದೊಡ್ಡ ಕಾರ್ಖಾನೆಗಳಲ್ಲ. ಒಂದು ಕಡೆ ಅಕ್ಕತಂಗಿಯರಿಬ್ಬರು ಅಡುಗೆಮನೆಯ ಮೇಜಿನ ಮೇಲೇ ಬಾಟಲಿ ತೆರೆದರು. ಪ್ರತಿ ಗ್ಲಾಸಿಗೂ ಕ್ಯಾರಾ ಸುತ್ತ ಕುಳಿತವರನ್ನು ಕೇಳುವಳು: “ಏನು ವಾಸನೆ ಬರ್ತಿದೆ?” ನಾನು ಚೆರ್ರಿ ಎಂದೆ. ಪಕ್ಕದವರು ಗುಲಾಬಿ ಎಂದರು. ಕೊನೆಗೆ ವೀಣಾ, ಎಲ್ಲರ ಮುಖ ನೋಡಿ, “ಚೆರ್ರಿ ಮುಂದೆ, ಗುಲಾಬಿ ಹಿಂದೆ” ಎಂದಳು. ಕ್ಯಾರಾ ಚಪ್ಪಾಳೆ ತಟ್ಟಿದಳು. ಎರಡನೆಯ ವೈನರಿಯಲ್ಲೂ ಹೀಗೇ. “ನಿಮ್ಮ ಮೂಗಿಗಿಂತ ನಿಮ್ಮ ಹೆಂಡತಿಯ ಮೂಗು ಚುರುಕು” ಎಂದು ಕ್ಯಾರಾ ನನಗೇ ಹೇಳಿದಳು. ನಾನು ನಕ್ಕೆನಾದರೂ, ನಿಜ ಹೇಳುತ್ತೇನೆ, ಸ್ವಲ್ಪ ಹೊಟ್ಟೆ ಉರಿಯಿತು.

ಮೂರನೆಯದು ಬ್ರೂನೊ ಎಂಬ ಮುದುಕನದು. ಕಲ್ಲಿನ ನೆಲಮಾಳಿಗೆ, ಹೊಗೆ ಹಿಡಿದ ತೊಲೆಗಳು, ಒಂದು ಉದ್ದದ ಬೆಂಚು. ಅವನು ಮಾತಿಲ್ಲದೆ ಒಂದು ಹೂಜಿಯಿಂದ ಎಲ್ಲರಿಗೂ ಸುರಿದ. ಕ್ಯಾರಾ, “ಈ ಸಲ ಒಳ್ಳೆಯ ಮೂಗಿನವರೇ ಮೊದಲು” ಎಂದು ವೀಣಾಳ ಕಡೆ ಕೈ ತೋರಿಸಿದಳು.

ವೀಣಾ ಒಮ್ಮೆ ಸುತ್ತ ನೋಡಿದಳು. ಯಾರೂ ಇನ್ನೂ ಗ್ಲಾಸು ಎತ್ತಿರಲಿಲ್ಲ. ಅವಳು ನನ್ನ ಹಾಗೇ ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಮುಗುಳ್ನಕ್ಕಳು. “ಮಲ್ಲಿಗೆ. ನಮ್ಮ ಮೈಸೂರಿನ ಮಲ್ಲಿಗೆ ಥರಾನೇ. ಬ್ಯೂಟಿಫುಲ್.”

ನಾನು ಮೂಸಿದೆ. ಮೂಗಿಗೆ ಗುದ್ದಿದ ಹಾಗಾಯಿತು. ಹುಳಿತ ವಿನೆಗರು, ಒದ್ದೆ ಗೋಣಿ. ಬಂದವರನ್ನು ಪರೀಕ್ಷಿಸಲು ಮುದುಕ ಬೇಕೆಂದೇ ಕೆಟ್ಟ ವೈನು ಕೊಡುತ್ತಾನಂತೆ. ಒಬ್ಬರು ಕೆಮ್ಮಿದರು, ಒಬ್ಬರು ಮೂಗು ಮುಚ್ಚಿಕೊಂಡರು, ಆಮೇಲೆ ಎಲ್ಲರೂ ವೀಣಾ ತಮಾಷೆ ಮಾಡಿದಳೆಂದು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಬ್ರೂನೊ ನಗಲಿಲ್ಲ. ಬೆಂಚು ಸುತ್ತಿ ಬಂದು, ಅವಳ ಕೈಯಿಂದ ಗ್ಲಾಸನ್ನು ಮೆಲ್ಲಗೆ ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಏನೋ ಕೇಳಿದ. ಕ್ಯಾರಾಳ ಮುಖದ ನಗು ಹಾರಿಹೋಯಿತು.

“ಯಾವಾಗ ಹೋಯಿತು ಅಂತ ಕೇಳ್ತಿದ್ದಾರೆ” ಎಂದಳು.

“ಏನು ಹೋಯಿತು?” ಎಂದವನು ನಾನು. ಕ್ಯಾರಾ ತನ್ನ ಮೂಗನ್ನು ಮುಟ್ಟಿ ತೋರಿಸಿದಳು.

ವೀಣಾ ನನ್ನ ಕಡೆ ತಿರುಗಲಿಲ್ಲ. ಆ ಮುದುಕನನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದಳು: “ಹೋಗಲಿಲ್ಲ. ಬರಲೇ ಇಲ್ಲ. ಹುಟ್ಟಿದಾಗಿನಿಂದ.”

ನಗುತ್ತಿದ್ದ ನನ್ನ ಬಾಯಿ ಇನ್ನೂ ಮುಚ್ಚಿರಲಿಲ್ಲ. ಕೈಯಲ್ಲಿದ್ದ ಗ್ಲಾಸನ್ನು ಬೆಂಚಿನ ಮೇಲಿಟ್ಟೆ. ಇಪ್ಪತ್ತೆರಡು ವರ್ಷ ಪಕ್ಕದ ದಿಂಬಿನಲ್ಲೇ ಮಲಗಿದವನಿಗೆ ಗೊತ್ತಾಗದ್ದು, ಇಪ್ಪತ್ತೆರಡು ನಿಮಿಷವೂ ನೋಡದ ಮುದುಕನಿಗೆ ಗೊತ್ತಾಗಿತ್ತು. ಹೇಗೆ ಎಂದರೆ, ಅವನಿಗೂ ಒಮ್ಮೆ ಜ್ವರ ಬಂದು ಎಂಟು ತಿಂಗಳು ವಾಸನೆ ಹೋಗಿತ್ತಂತೆ. ಹೆಂಡತಿಗೂ ಹೇಳದೆ, ಎಲ್ಲರ ಮುಖ ನೋಡಿಕೊಂಡು ಆ ವರ್ಷದ ವೈನು ಮಾಡಿದ್ದನಂತೆ. “ಮೂಸುವ ಮೊದಲು ಸುತ್ತ ನೋಡುವವರನ್ನು ನಾನು ಗುರುತಿಸುತ್ತೇನೆ” ಎಂದ.

ಹೊರಗೆ ದ್ರಾಕ್ಷಿ ಸಾಲಿನ ಪಕ್ಕದ ಕಟ್ಟೆಯ ಮೇಲೆ ನಾವಿಬ್ಬರೇ ಕುಳಿತೆವು. ನನಗೆ ಕೋಪವೂ ಬಂದಿತ್ತು. “ಯಾಕೆ ಹೇಳ್ಲಿಲ್ಲ?”

“ನೀವು ನನ್ನ ನೋಡಕ್ಕೆ ಬಂದಾಗ ಅಮ್ಮ ಹೇಳಿದ್ರು, ಕಾಣೋ ಅಂಥದ್ದಲ್ಲ, ಬಾಯಿ ಬಿಡಬೇಡ ಅಂತ. ಆಮೇಲೆ ಹೇಳೋಣ ಅಂದ್ಕೊಂಡೆ. ಒಂದು ವರ್ಷ ಆದ್ಮೇಲೆ ಹ್ಯಾಗೆ ಹೇಳೋದು? ಹತ್ತು ವರ್ಷ ಆದ್ಮೇಲೆ?”

ಒಗ್ಗರಣೆಯನ್ನು ಸಾಸಿವೆಯ ಸದ್ದಿನಿಂದ ತಿಳಿಯುತ್ತಿದ್ದಳಂತೆ, ಹಾಲನ್ನು ನಾಲಿಗೆಯ ತುದಿಯಿಂದ. ಅನು ಕೂಸಾಗಿದ್ದಾಗ ಅರ್ಧ ಗಂಟೆಗೊಮ್ಮೆ ಡೈಪರಿನೊಳಗೆ ಕೈಹಾಕಿ ನೋಡುತ್ತಿದ್ದಳಂತೆ. ನಾನು ಶುಕ್ರವಾರ ಇಂಡಿಯನ್ ಅಂಗಡಿಯಿಂದ ಒಂದು ಮೊಳ ಮಲ್ಲಿಗೆ ತಂದಾಗಲೆಲ್ಲ “ಎಂಥಾ ಘಮ!” ಎನ್ನುತ್ತಿದ್ದಳಲ್ಲ, ಅದೇನು ಎಂದು ಕೇಳಿದೆ.

“ನೀವು ಕಾಯ್ಕೊಂಡು ನಿಂತಿರ್ತಿದ್ರಿ. ಇನ್ನೇನು ಹೇಳ್ಲಿ?”

ಆಗ ನನಗೆ ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಮೊದಲ ಅಪಾರ್ಟ್‌ಮೆಂಟು ನೆನಪಾಯಿತು. ಇಂಡಿಯಾ ಬಿಟ್ಟು ಈಗಿರುವ ದೇಶಕ್ಕೆ ಬಂದ ಹೊಸತು. ಲಿಫ್ಟಿನಿಂದ ಇಳಿದಾಗಲೇ ಸೀದ ವಾಸನೆ ಕಾರಿಡಾರು ತುಂಬಿತ್ತು. ಅಡುಗೆಮನೆಯಲ್ಲಿ ಹೊಗೆ, ಪಕ್ಕದ ಕೋಣೆಯಲ್ಲಿ ಎರಡು ತಿಂಗಳ ಅನುವಿಗೆ ಹಾಲೂಡಿಸುತ್ತಾ ಇವಳು ನಿಶ್ಚಿಂತೆಯಾಗಿ ಕುಳಿತಿದ್ದಳು. “ಮೂಗನ್ನ ಇಂಡಿಯಾದಲ್ಲೇ ಬಿಟ್ಟು ಬಂದ್ಯಾ?” ಎಂದು ಕಿರುಚಿದ್ದೆ. ಅಷ್ಟಕ್ಕೇ ಬಿಡಲಿಲ್ಲ. ಆ ಮಾತನ್ನು ಜೋಕು ಮಾಡಿ ವರ್ಷಗಟ್ಟಲೆ ಊಟಕ್ಕೆ ಹೋದ ಮನೆಗಳಲ್ಲೆಲ್ಲ ಹೇಳಿದೆ. ಎಲ್ಲರೂ ನಗುತ್ತಿದ್ದರು. ಇವಳೂ.

“ಥಾರ್ನ್‌ಕ್ಲಿಫ್...” ಎಂದು ಶುರುಮಾಡಿದೆ.

“ಬಿಡಿ,” ಎಂದಳು. “ಆವತ್ತಿಂದ ನಾನು ಒಲೆ ಬಿಟ್ಟು ಕದಲಿಲ್ಲ.”

ಇಟಲಿಯಿಂದ ಮರಳಿದವನೇ ಮನೆಯ ಪ್ರತಿ ಮಹಡಿಗೂ ಹೊಗೆಯ ಅಲಾರ್ಮು, ಗ್ಯಾಸಿನ ಅಲಾರ್ಮು ಹಾಕಿಸಿದೆ. ಒಂದು ವಾರ ಕಳೆದು ಅವಳು ಮೊದಲ ಸಲ ಮೊಸರಿನ ಡಬ್ಬಿ ಹಿಡಿದು ಬಂದು, ಸಂಕೋಚದಿಂದ, “ಕೆಟ್ಟಿದೆಯಾ?” ಎಂದು ಕೇಳಿದಳು.

ಈಗ ಆ ಸಂಕೋಚವಿಲ್ಲ. ಇವತ್ತು ಹುಳಿಯ ತೀರ್ಪು ಮುಗಿದ ಮೇಲೆ ನಾನು ಕುರ್ಚಿಯ ಮೇಲಿದ್ದ ಸ್ವೆಟರನ್ನು ಎತ್ತಿದೆ. ಅನು ಒಶಾವಾದ ಕಾಲೇಜು ಹಾಸ್ಟೆಲಿನಿಂದ ವಾರಾಂತ್ಯಕ್ಕೆ ಬಂದು ಬಿಟ್ಟುಹೋದದ್ದು. ಮುಖಕ್ಕೆ ಹಿಡಿದು, “ಅನು ವಾಸನೆ” ಎಂದೆ, ಯೋಚಿಸದೆ.

ವೀಣಾ ತಿರುಗಿದಳು. “ಅವಳಿಗೆ ಅಂತ ಒಂದು ವಾಸನೆ ಇದೆಯಾ?”

“ಎಲ್ಲರಿಗೂ ಇರತ್ತೆ.”

“ಹುಟ್ಟಿದಾಗ ಹ್ಯಾಗಿತ್ತು? ಎಲ್ಲರೂ ಮಕ್ಕಳ ನೆತ್ತಿ ಮೂಸ್ತಾರಲ್ಲ. ನಾನು ಸುಮ್ನೆ ಮೂಗು ಇಟ್ಕೊಂಡು ಕೂತಿರ್ತಿದ್ದೆ. ಹೇಳ್ರೀ, ಹ್ಯಾಗಿತ್ತು?”

ಹಾಲಿನ ಥರ ಎಂದುಬಿಡೋಣ ಎಂದು ಬಾಯಿ ತೆರೆದೆ. ಅವಳು ಕಾಯುತ್ತಾ ನಿಂತಿದ್ದಳು. ಆ ದಿನಗಳನ್ನು ತಡಕಾಡಿದೆ: ಎರಡು ಶಿಫ್ಟಿನ ಕೆಲಸ, ಕಾರಿನ ಸೀಟು, ನಿದ್ದೆಗೆಟ್ಟ ಕಣ್ಣು. ಎಲ್ಲ ಸಿಕ್ಕಿತು. ಅದೊಂದು ಸಿಗಲಿಲ್ಲ.

“ಗೊತ್ತಿಲ್ಲ ವೀಣಾ,” ಎಂದೆ. “ನಾನು ಮೂಸಲೇ ಇಲ್ಲ.”

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ಸ್ವೆಟರನ್ನು ನನ್ನ ಕೈಯಿಂದ ತೆಗೆದುಕೊಂಡು ತೋಳಿಗೆ ತೋಳು ಸೇರಿಸಿ ಮಡಚಿದಳು.

“ನಂಗೆ ನಿಮ್ಮ ಮೂಗು ಇದ್ದಿದ್ರೆ,” ಎಂದಳು, “ಅವಳನ್ನ ತೋಳಿಂದ ಕೆಳಗೇ ಇಳಿಸ್ತಿರ್ಲಿಲ್ಲ.”